ಅಜ್ಜಿಯನ್ನು ಕೆಳಗಿಡುವುದು

ಮಾರ್ಚ್ 9

ಗಿಡ್ಡಿ,

ಅಕ್ಷರ ನೋಡಿ ಹೆದರಬೇಡ, ಬರೆಯುತ್ತಿರುವುದು ನಾನೇ. ಬಲಗೈ ಮೊದಲಿನಂತೆಯೇ ಇದೆ. ಹಾಳೆಯನ್ನು ಹಿಡಿದುಕೊಳ್ಳಬೇಕಾದ ಎಡಗೈ ಮಾತ್ರ ಸಂಪು ಹೂಡಿದೆ. ಅದಕ್ಕೇ ಹಾಳೆಯ ಮೇಲೆ ಸಕ್ಕರೆ ಡಬ್ಬ ಇಟ್ಟುಕೊಂಡಿದ್ದೇನೆ. ಡಬ್ಬ ಅಡ್ಡ ಬಂದಲ್ಲಿ ಸಾಲು ಬಾಗುತ್ತದೆ, ಸಹಿಸಿಕೊ.

ಫೋನ್ ಮಾಡಬಹುದಿತ್ತು. ಆದರೆ ನನ್ನ ಮಾತು ಇನ್ನೂ ತೊದಲು. ನೀನು ಆ ಕಡೆಯಿಂದ "ಹಾಂ? ಏನು?" ಅನ್ನುತ್ತೀ, ನನಗೆ ರೇಗುತ್ತದೆ. ಕಾಗದದಲ್ಲಿ ನಾನು ತೊದಲುವುದಿಲ್ಲ.

ವ್ಯಾಯಾಮ ಮಾಡಿಸಲು ಬರುವ ಹೆಂಗಸು ನಿನ್ನೆ ಕೇಳಿದಳು: "ನೀವು ಗೊಂಬೆ ಆಡ್ಸೋರಂತೆ, ದಾರ ಕಟ್ಟಿ ಎಳೀತೀರಾ?" ದಾರ ಎಂದರೆ ನನಗೆ ಮೈಯುರಿ ಎಂದು ನಿನಗೆ ಗೊತ್ತು. ಕೂರಿಸಿ ಪಾಠ ಮಾಡಿದೆ. ದಾರ ಇಲ್ಲಮ್ಮ. ಮೂರಡಿ ಎತ್ತರದ ಒಂದು ಅಜ್ಜಿ ಗೊಂಬೆ, ಆಡಿಸಲು ಮೂರು ಜನ. ನಾನು ತಲೆ. ನನ್ನ ಎಡಗೈ ಅಜ್ಜಿಯ ಕತ್ತಿನೊಳಗೆ, ಬಲಗೈ ಅವಳ ಬಲಗೈ ಮೇಲೆ. ಅವಳ ಎಡಗೈ ನನ್ನ ತಂಗಿಯದು. ನನ್ನ ಮಗಳು ಬಗ್ಗಿ ನಿಂತು ಕಾಲು ನಡೆಸುತ್ತಾಳೆ. ಮೂವರಿಗೂ ಕಪ್ಪು ಬಟ್ಟೆ, ಮುಖಕ್ಕೆ ಕಪ್ಪು ಮುಸುಕು, ಮುಂದೆ ಸೊಂಟದೆತ್ತರದ ಕಪ್ಪು ಹಲಗೆ. ಜನರ ಕಣ್ಣಿಗೆ ಅಜ್ಜಿ ಒಬ್ಬಳೇ. ಅಜ್ಜಿಯೂ ಮಾತಾಡುವುದಿಲ್ಲ, ನಾವೂ ಮಾತಾಡುವುದಿಲ್ಲ. ನನ್ನ ಸೊಂಟ ಎತ್ತ ವಾಲಿದರೆ ಮಗಳು ಅತ್ತ ಕಾಲು ಹಾಕುತ್ತಾಳೆ, ನನ್ನ ಭುಜದ ಅಲುಗಾಟ ಹಿಡಿದು ತಂಗಿ ಕೈ ಎತ್ತುತ್ತಾಳೆ. ಆ ಹೆಂಗಸು ಕಣ್ಣು ಕಣ್ಣು ಬಿಟ್ಟು, "ಅಂದ್ರೆ ಮೂರು ಜನಾನೂ ಸೇರಿ ಒಬ್ಬರು" ಎಂದಳು. ಮೂವತ್ತೊಂದು ವರ್ಷದಲ್ಲಿ ಯಾವ ಪತ್ರಿಕೆಯವನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಜನವರಿ ಹದಿನೆಂಟು, ಭಾನುವಾರ, ನಾಲ್ಕು ಗಂಟೆಯ ಆಟ. ಅಜ್ಜಿ ಮನೆಯೆಲ್ಲ ಕನ್ನಡಕ ಹುಡುಕಿ ಸೋತು, ದೀಪ ಹಿಡಿದು ಕೊನೆಯ ದೃಶ್ಯಕ್ಕೆ ಬಂದಳು. ಅಲ್ಲಿಯ ತನಕ ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ನಡುವೆ ನಾನು ಹಲಗೆಯ ಹಿಂದೆ ಬಿದ್ದಿದ್ದೆನಂತೆ. ಕೊನೆಯ ದೃಶ್ಯದ ಸಂಗೀತ ಹನ್ನೊಂದು ನಿಮಿಷ, ಪೂರ್ತಿ ನಡೆಯಿತಂತೆ. ಅಜ್ಜಿಗೆ ಕನ್ನಡಕ ಸಿಕ್ಕಿತಂತೆ, ಚಪ್ಪಾಳೆಯೂ ಬಿತ್ತಂತೆ. ನಾನಿಲ್ಲದೆ ನಡೆದ ನನ್ನ ಹನ್ನೊಂದು ನಿಮಿಷ ಅದು. ಸಿಟ್ಟಿನಿಂದ ಕೇಳುತ್ತಿಲ್ಲ ಗಿಡ್ಡಿ, ಕುತೂಹಲ ತಡೆಯಲಾರದೆ ಕೇಳುತ್ತಿದ್ದೇನೆ. ಏನಾಯಿತು? ಮೊದಲು ಯಾರಿಗೆ ಗೊತ್ತಾಯಿತು? ನಾನು ಏನಾದರೂ ಹೇಳಿದೆನೇ?

ಇನ್ನೊಂದು ಕಾರಣವೂ ಇದೆ. ಜೂನ್ ಇಪ್ಪತ್ತರ ತಂಡದ ಸಭೆಯಲ್ಲಿ ನಿಯಮ ಮಾಡುತ್ತಾರೆಂದು ಮ್ಯಾನೇಜರ್ ಬರೆದಿದ್ದಾರೆ. ಆಡುವವರಿಗೆ ಏನಾದರೂ ಆದರೆ ಆಟ ನಿಲ್ಲಿಸಬೇಕೋ, ಮುಗಿಸಬೇಕೋ? ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆಯಂತೆ. "ಬಿದ್ದವರು ನೀವು, ನಿಮ್ಮ ಮಾತೇ ಕೊನೆ" ಎಂದಿದ್ದಾರೆ. ಬಿದ್ದದ್ದು ಹೇಗೆಂದೇ ತಿಳಿಯದೆ ನಾನು ಏನು ಹೇಳಲಿ?

ಮಗಳನ್ನು ಕೇಳೋಣವೆಂದರೆ ಇರುವೆ ಏನೂ ಹೇಳುವುದಿಲ್ಲ. ತಂಡ ಬಿಟ್ಟು ಇಲ್ಲಿ ಪಾದರಕ್ಷೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕಾಲಿನ ಕೆಲಸ ಬಿಡಲಿಲ್ಲ ನೋಡು ಎಂದು ರೇಗಿಸಿದೆ, ನಗಲಿಲ್ಲ. ನಿನ್ನ ಹೆಸರೆತ್ತಿದರೆ ಎದ್ದು ಹೋಗಿ ಮಿಕ್ಸಿ ಹಾಕುತ್ತಾಳೆ.

ನಿನ್ನ ಅಣ್ಣ,
ಅರ್ಧ ರಜೆಯ ಮೇಲಿರುವ ತಲೆ


ಮಾರ್ಚ್ 17

ಅಣ್ಣ,

ಡಬ್ಬದ ಗುರುತು ಹಾಳೆಯ ಮೇಲೆ ದುಂಡಗೆ ಬಿದ್ದಿದೆ, ಇರುವೆಗಳೂ ಬಂದಿದ್ದವು. ನಮ್ಮ ಇರುವೆಯೇ ಬಂದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಇಲ್ಲಿ ಎಲ್ಲ ಹಾಗೇ ಇದೆ. ರಂಗದ ಬಲಗಡೆಯ ಮೂರನೇ ಹಲಗೆ ಈಗಲೂ ಕಿರ್ರೆನ್ನುತ್ತದೆ. ನಮ್ಮ ದೀಪದವನು ಅಜ್ಜಿಯ ಪೆಟ್ಟಿಗೆಯ ಮೇಲೆ ಕಾಫಿ ಲೋಟ ಇಟ್ಟು ನನ್ನಿಂದ ಬೈಸಿಕೊಂಡ. ವಾರಕ್ಕೊಮ್ಮೆ ಅಜ್ಜಿಯನ್ನು ಹೊರತೆಗೆದು ಧೂಳು ಒರೆಸಿ, ಕತ್ತು ತಿರುಗಿಸಿ, ಮತ್ತೆ ಮಲಗಿಸುತ್ತೇನೆ. ಮೂಗು ಒರೆಸುವಾಗ ನಗು ಬರುತ್ತದೆ. ಹದಿನೇಳು ದಿನ ನೀನೇ ಕೂತು ಕೆತ್ತಿದೆ, ಕೊನೆಗೆ ಅದು ನಿನ್ನದೇ ಮೂಗು! ಆಟ ಮಾತ್ರ ಇಲ್ಲ. ಕೆಳಗಿನ ಟೈಲರ್ ದಿನಾ ಕೇಳುತ್ತಾನೆ, "ಮತ್ತೆ ಯಾವಾಗ ಶುರು?" ನಾನು ಮೆಟ್ಟಿಲು ಹತ್ತಿಬಿಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಸುಲಭ. ನೀನು ನನ್ನ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದೆ. ಎರಡು ತಟ್ಟು ಎಂದರೆ "ತಲೆ ನೀನು ತಗೋ" ಎಂದು ನಮ್ಮ ಹಳೆಯ ಸನ್ನೆ. ಸೀನು ಬಂದಾಗ, ಬೆವರು ಕಣ್ಣಿಗಿಳಿದಾಗ ಎಷ್ಟು ಸಲ ತಟ್ಟಿಲ್ಲ ನೀನು! ತಗೊಂಡೆ. ನೀನು ಕೂತೆ, ಸುಸ್ತಾಗಿರಬೇಕು ಅಂದುಕೊಂಡೆ. ಮುಸುಕಿನೊಳಗೆ ನಿನ್ನ ಮುಖ ನನಗೆ ಹೇಗೆ ಕಾಣಬೇಕು? ಆಟ ಮುಗಿದ ಮೇಲೆ ನೋಡಿದರೆ ಹೀಗೆ. ಆಸ್ಪತ್ರೆಯಲ್ಲಿ ಇರುವೆಗೂ ಇದನ್ನೇ ಹೇಳಿದೆ. ಅಂದಿನಿಂದ ಅವಳು ನನ್ನ ಫೋನ್ ಎತ್ತಿಲ್ಲ.

ಅಜ್ಜಿ ನೆಲ ಮುಟ್ಟಬಾರದು ಎಂದು ಕಲಿಸಿದವನು ನೀನು. ಮೊದಲ ವರ್ಷ ಗೊಂಬೆಯನ್ನೇ ಕೊಡದೆ ನೀರು ತುಂಬಿದ ಹೂಜಿ ಕೊಟ್ಟು ಕೈಯಿಂದ ಕೈಗೆ ದಾಟಿಸಲು ಹೇಳಿದೆ. ಒಂದು ಹನಿ ಚೆಲ್ಲಿದರೂ ಮೊದಲಿನಿಂದ. ಆ ದಿನ ಒಂದು ಹನಿಯೂ ಚೆಲ್ಲಲಿಲ್ಲ ಅಣ್ಣ.

ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ಹೆಚ್ಚು ಯೋಚನೆ ಮಾಡಬೇಡ.

ಗಿಡ್ಡಿ


ಮಾರ್ಚ್ 28

ಗಿಡ್ಡಿ,

ಹೆಚ್ಚು ಯೋಚನೆ ಮಾಡಬೇಡ ಎಂದರೆ ಏನು ಮಾಡಲಿ? ಇಲ್ಲಿ ನನಗೆ ಬೇರೆ ಯಾವ ಕೆಲಸವೂ ಇಲ್ಲ.

ನಿನ್ನ ಕಾಗದ ಓದಿ ಖುಷಿಯಾಯಿತು, ನಿಜವಾಗಿ. ನಾನೇ ತಟ್ಟಿ ಒಪ್ಪಿಸಿದೆ ಎಂದಾದರೆ ಮ್ಯಾನೇಜರಿಗೆ ಒಂದೇ ಸಾಲು ಸಾಕು: "ಬಿದ್ದವನು ಬೀಳುವ ಮೊದಲೇ ಮುಂದುವರಿಸಿ ಎಂದಿದ್ದಾನೆ, ಆದ್ದರಿಂದ ಆಟ ಮುಂದುವರಿಯಲಿ." ಆ ಸಾಲನ್ನು ಬರೆದೂ ಇಟ್ಟೆ. ಎಂಥ ಕಲಾವಿದ ನಾನು ಎಂದು ಒಂದು ದಿನ ಪೂರ್ತಿ ಬೀಗಿದೆ.

ಮರುದಿನ ತಲೆಯೊಳಗೆ ಹುಳ ಹೊಕ್ಕಿತು. ತಟ್ಟಿದ್ದು ಯಾವ ಕೈಯಲ್ಲಿ?

ದಿಂಬಿಗೆ ಸೌಟು ಸಿಕ್ಕಿಸಿ ಅಜ್ಜಿ ಮಾಡಿಕೊಂಡೆ. ಎಡಗೈಯನ್ನು ಬಲಗೈಯಿಂದ ಎತ್ತಿ ಸೌಟಿಗೆ ಒರಗಿಸಿದೆ. ವ್ಯಾಯಾಮದ ಹೆಂಗಸು ನೀನಾದಳು, ನನಗಿಂತ ಅವಳಿಗೇ ಹುರುಪು. ಇರುವೆ ಅಂಗಡಿಯಿಂದ ಬಂದವಳು ಬಾಗಿಲಲ್ಲೇ ನಿಂತು, "ಅಪ್ಪಾ, ಏನ್ ನಡೀತಿದೆ ಇಲ್ಲಿ?" ಎಂದಳು. "ತನಿಖೆ" ಎಂದೆ.

ನೋಡು, ನನ್ನ ಎಡಗೈ ಕತ್ತಿನೊಳಗಿತ್ತು. ಅದು ಆಗಲೇ ಸೋತಿರಬೇಕು, ಅದು ತಟ್ಟಲಾರದು. ಬಲಗೈಯಲ್ಲಿ ಅಜ್ಜಿಯ ಬಲಗೈ, ಅದರಲ್ಲಿ ದೀಪ. ನಿನ್ನ ಮಣಿಕಟ್ಟನ್ನು ತಟ್ಟಬೇಕಾದರೆ ನಾನು ಅದನ್ನು ಬಿಡಲೇಬೇಕು. ಸೀನು ಬಂದಾಗ ತಟ್ಟುತ್ತಿದ್ದದ್ದು ಬೇರೆ ದೃಶ್ಯಗಳಲ್ಲಿ, ಕೈ ಖಾಲಿ ಇದ್ದಾಗ. ದೀಪದ ದೃಶ್ಯದಲ್ಲಿ ಒಮ್ಮೆಯೂ ತಟ್ಟಿದ್ದಿಲ್ಲ, ಹದಿನೈದು ಸಲ ಪ್ರಯತ್ನಿಸಿದೆವು, ಆಗುವುದೇ ಇಲ್ಲ.

ಹಾಗಾದರೆ ದೀಪ ಬಿದ್ದಿತೇ? ಜ್ಞಾಪಿಸಿಕೊಂಡು ಬರೆ. ಬಿದ್ದಿದ್ದರೆ ನಾನು ತಟ್ಟಿದ್ದೇನೆ.

ನಿನ್ನ ಅಣ್ಣ


ಮೇ 3

ಗಿಡ್ಡಿ,

ಐದು ವಾರವಾಯಿತು. ಅಂಚೆಯವನ ತಪ್ಪು ಎಂದು ಎರಡು ವಾರ ಅವನನ್ನು ಅನುಮಾನದಿಂದ ನೋಡಿದೆ, ಪಾಪ.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಬಾಗಿಲ ಬಳಿ ನಾವು ಇಡುವ ಪ್ರೇಕ್ಷಕರ ಪುಸ್ತಕವನ್ನು ಮ್ಯಾನೇಜರಿಂದ ತರಿಸಿಕೊಂಡೆ. ಹದಿನೆಂಟನೇ ತಾರೀಖಿನ ಪುಟಗಳನ್ನು ಎಷ್ಟು ಸಲ ಓದಿದೆನೋ. ಒಬ್ಬರು ಬರೆದಿದ್ದಾರೆ: "ಅಜ್ಜಿ ನಡುಮನೆಯಲ್ಲಿ ಥಟ್ಟನೆ ಮಂಡಿಯೂರಿದಾಗ ನನ್ನ ಅಮ್ಮ ಕಣ್ಣ ಮುಂದೆ ಬಂದಳು." ನಡುಮನೆಯಲ್ಲಿ ಎಲ್ಲಿ ಮಂಡಿಯೂರುತ್ತಾಳೆ? ಅವಳು ಮಂಡಿಯೂರುವುದು ಕನ್ನಡಕ ಸಿಗುವ ಪೆಟ್ಟಿಗೆಯ ಮುಂದೆ, ಇನ್ನೂ ಆರು ಹೆಜ್ಜೆ ಇದೆ. ಇನ್ನೊಬ್ಬರು: "ಕೊನೆಯಲ್ಲಿ ಅಜ್ಜಿಯ ಎಡಗೈ ಸೋತು ಜೋತಾಡುತ್ತಿತ್ತು, ಎಂಥ ಸೂಕ್ಷ್ಮ ಅಭಿನಯ!" ಅದನ್ನು ಓದುವಾಗ ನನ್ನ ಎಡಗೈ ಮಡಿಲಲ್ಲಿ ಬಿದ್ದಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಬ್ಬ ಶಾಲಾ ಹುಡುಗಿಯ ದುಂಡಕ್ಷರ: "ದೀಪ ಒಂದು ಸಲಾನೂ ಅಲುಗಾಡಲಿಲ್ಲ. ನಾನು ದೀಪಾನೇ ನೋಡ್ತಾ ಇದ್ದೆ."

ದೀಪ ಬೀಳಲಿಲ್ಲ. ಅಂದರೆ ನಾನು ತಟ್ಟಲಿಲ್ಲ.

ಇರುವೆಗೆ ಪುಸ್ತಕ ತೋರಿಸಿ ಮಂಡಿಯ ವಿಷಯ ಕೇಳಿದೆ. ಅಂದು ಮೊದಲ ಸಲ ಬಾಯಿ ಬಿಟ್ಟಳು. "ನಿಮ್ಮ ಸೊಂಟ ಕೆಳಗೆ ಬಂತು. ಮಂಡಿ ಅಂದ್ಕೊಂಡೆ. ಊರಿಸ್ದೆ." ಅಷ್ಟು ಹೇಳಿ ಮಿಕ್ಸಿ ಹಾಕಿದಳು, ಒಳಗೆ ಏನೂ ಇರಲಿಲ್ಲ. ನೋಡು ಗಿಡ್ಡಿ, ಮೂವತ್ತೊಂದು ವರ್ಷ ಅಜ್ಜಿಯನ್ನು ಮಂಡಿಯೂರಿಸಿದ್ದೇನೆ, ಯಾರೂ ಅದರ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ನಾನು ಬಿದ್ದದ್ದೇ ನನ್ನ ಅತ್ಯುತ್ತಮ ಅಭಿನಯ ಆಯಿತು.

ಕೊನೆಯದು. ಪುಸ್ತಕದಲ್ಲಿ ಆ ದಿನದ ಒಂದು ಪುಟ ಇಲ್ಲ. ಹರಿದ ಅಂಚು ನೂಲು ಹಿಡಿದಷ್ಟು ನೇರವಾಗಿದೆ. ಉಗುರಿನಿಂದ ಗೆರೆ ಎಳೆದು, ಎರಡು ಸಲ ಮಡಿಸಿ, ಆಮೇಲೆ ಹರಿಯುವವರು ನನಗೆ ಒಬ್ಬರೇ ಗೊತ್ತು. ಎರಡನೇ ತರಗತಿಯಿಂದ ಗೊತ್ತು.

ಅದರಲ್ಲಿ ಏನಿತ್ತು?

ಅಣ್ಣ


ಮೇ 12

ಅಣ್ಣ,

ಪುಟ ಇದರ ಜೊತೆಗಿದೆ. ಮೊದಲು ಅದನ್ನೇ ಓದು, ಆಮೇಲೆ ನನ್ನದು.

ಓದಿದೆಯಾ? ಮೂರನೇ ಸಾಲಿನಲ್ಲಿ ಕೂತಿದ್ದ ಡಾಕ್ಟರಮ್ಮ. ಆಂಬುಲೆನ್ಸ್ ಬರುವ ತನಕ ನಿನ್ನ ಪಕ್ಕ ಮಂಡಿಯೂರಿ ಇದ್ದವರು ಅವರೇ. ಹೋಗುವಾಗ ಬಾಗಿಲ ಬಳಿ ನಿಂತು ಬರೆದರು. "ನರಗಳ ಡಾಕ್ಟರ್ ನಾನು. ಈ ಮನುಷ್ಯ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿದ್ದರು. ಆ ಹೊತ್ತಿನಲ್ಲಿ ನಾನು ಚಪ್ಪಾಳೆ ತಟ್ಟುವ ಹಾಗೆ ಮಾಡಿದಿರಿ. ಅದನ್ನು ಹೇಗೆ ಮರೆಯಲಿ?" ಈ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ. ಯಾರೂ ನೋಡದಿರಲಿ ಎಂದು ಹರಿದೆ. ನೀನು ನೋಡದಿರಲಿ ಎಂದು ಹರಿದೆ.

ನೀನು ತಟ್ಟಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಇರುವೆ ನನ್ನ ತೋಳು ಹಿಡಿದು, "ಅತ್ತೆ, ಯಾಕೆ ನಿಲ್ಲಿಸ್ಲಿಲ್ಲ?" ಎಂದಳು. ಬಾಯಿಗೆ ಬಂದದ್ದು ಆ ಸುಳ್ಳು. ಒಮ್ಮೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಎಲ್ಲರಿಗೂ ಹೇಳುತ್ತ ಹೋದೆ. ಕೊನೆಗೆ ನಿನಗೂ ಹೇಳಿದೆ, ನಿನ್ನ ಬಗ್ಗೆಯೇ.

ಆದದ್ದು ಹೀಗೆ. ಅಜ್ಜಿಯ ತಲೆ ಒಂದು ಕಡೆಗೆ ವಾಲಿತು. ನೀನು ಎಂದೂ ಹಾಗೆ ವಾಲಿಸುವವನಲ್ಲ. ನಿನ್ನ ಉಸಿರು ಬದಲಾಗಿದ್ದು ನನಗೆ ಕೇಳಿಸಿತು. ಏನೋ ಕೆಟ್ಟದ್ದು ಆಗುತ್ತಿದೆ ಎಂದು ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇನ್ನು ಹೇಳುವುದಿಲ್ಲ. ಎರಡು ತಲೆ ಒಟ್ಟಿಗೆ ಬೀಳುತ್ತಿದ್ದವು, ನಿನ್ನದು ಒಂದು, ಅಜ್ಜಿಯದು ಒಂದು. ನನ್ನ ಕೈ ಅಜ್ಜಿಯ ತಲೆಗೆ ಹೋಯಿತು.

ಇನ್ನೂ ಇದೆ. ನಿನ್ನ ಎಡಗೈ ತಾನಾಗಿ ಕತ್ತಿನಿಂದ ಜಾರಿತು. ಬಲಗೈ ಬಿಡಲಿಲ್ಲ. ಅಜ್ಜಿಯ ಕೈಯನ್ನೂ ದೀಪವನ್ನೂ ನೀನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನಾನು ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ ಅಣ್ಣ. ದೀಪ ಅಲುಗದ ಹಾಗೆ ಬಿಡಿಸಿದೆ. ನಾಲ್ಕನೇ ಬೆರಳು ಬಿಡಿಸಿದಾಗ ನೀನು ನನ್ನ ತೋಳಿನ ಬಟ್ಟೆ ಹಿಡಿದೆ. ಅದನ್ನೂ ಬಿಡಿಸಿದೆ.

ಆಮೇಲೆ ಹನ್ನೊಂದು ನಿಮಿಷ ಆಡಿದೆ. ಚೆನ್ನಾಗಿ ಆಡಿದೆ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು.

ಸಭೆಯಲ್ಲಿ ನಿಲ್ಲಿಸಬೇಕು ಎಂದು ಬರೆದರೆ ಅದು ನನ್ನ ಮೇಲೆ ತೀರ್ಪು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೂ ಬರೆ. ನೀನು ಏನು ಬರೆದರೂ ಸರಿ.

ಗಿಡ್ಡಿ


ಮೇ 31

ಅಣ್ಣ,

ಬೈದಾದರೂ ಬರೆ.

ಗಿಡ್ಡಿ


ಜೂನ್ 7

ಅತ್ತೆ,

ಅಪ್ಪ ಚೆನ್ನಾಗಿದ್ದಾರೆ, ಮೊದಲು ಅದನ್ನು ಹೇಳುತ್ತೇನೆ. ನಿಮ್ಮ ಕಾಗದ ಬಂದ ದಿನ ಎರಡು ಸಲ ಓದಿ ದಿಂಬಿನ ಕೆಳಗೆ ಇಟ್ಟರು. ನಾಲ್ಕು ದಿನ ವ್ಯಾಯಾಮದವರು ಬಂದರೆ ಗೋಡೆ ಕಡೆ ತಿರುಗಿ ಮಲಗಿದರು. ಐದನೇ ದಿನ ಊಟದ ಮಧ್ಯೆ ನನ್ನ ಕೈ ಹಿಡಿದು, "ನನ್ನ ಬೆರಳು ಬಿಡಿಸು ನೋಡೋಣ" ಎಂದರು. ಬಲಗೈಯನ್ನು ಮುಷ್ಟಿ ಮಾಡಿದರು. ನನಗೆ ಬಿಡಿಸಲು ಆಗಲಿಲ್ಲ. "ಗಿಡ್ಡಿ ಬಿಡಿಸಿದಾಳೆ. ಎಂಥ ಶಕ್ತಿ ನೋಡು ಅವಳಿಗೆ" ಎಂದರು. ಸಿಟ್ಟಿನಿಂದ ಅಂದರೋ ಮೆಚ್ಚಿ ಅಂದರೋ ನನಗೆ ತಿಳಿಯಲಿಲ್ಲ. ಆಮೇಲೆ ಕಾಗದವನ್ನು ನನಗೆ ಓದಲು ಕೊಟ್ಟರು.

ಓದಿದ ಮೇಲೆ ನಾನೂ ಬರೆಯದೆ ಇರುವ ಹಾಗಿಲ್ಲ.

ನಿಮಗಿಂತ ಮೊದಲು ಗೊತ್ತಾಗಿದ್ದು ನನಗೆ. ಸೊಂಟ ಕೆಳಗೆ ಬಂದಾಗ ಮೊದಲು ಅಪ್ಪ ಆರು ಹೆಜ್ಜೆ ಹಾರಿಸಿದರು ಅಂದುಕೊಂಡೆ, ಮುಸುಕಿನೊಳಗೇ, "ಏನಪ್ಪಾ ನಿಮ್ದು ಅವಸರ" ಎಂದು ಬೈದೆ. ಅಜ್ಜಿಯನ್ನು ಮಂಡಿಯೂರಿಸಿದೆ. ಅಷ್ಟರಲ್ಲಿ ಅವರ ಭಾರ ಪೂರ್ತಿ ನನ್ನ ಬೆನ್ನ ಮೇಲೆ ಬಂತು. ಆಗ ಗೊತ್ತಾಯಿತು. ಬೆನ್ನು ಕೊಟ್ಟು ಅವರನ್ನು ನಿಧಾನವಾಗಿ ನೆಲಕ್ಕೆ ಜಾರಿಸಿದೆ, ಎರಡೂ ಕೈಯಲ್ಲಿ ಅಜ್ಜಿಯ ಕಾಲು ಹಿಡಿದುಕೊಂಡೇ. ಆಮೇಲೆ ನೀವು ನಿಲ್ಲಿಸುತ್ತೀರಿ ಎಂದು ಕಾದೆ. ಕಾಲು ಆಟ ನಿಲ್ಲಿಸುವುದಿಲ್ಲ, ತಲೆ ನಿಲ್ಲಿಸಬೇಕು. ತಲೆ ಆಗ ನಿಮ್ಮ ಕೈಯಲ್ಲಿತ್ತು. ನೀವು ಮುಂದೆ ನಡೆದಿರಿ, ನಾನೂ ಕಾಲು ಹಾಕಿದೆ.

ಅತ್ತೆ ನಿಲ್ಲಿಸಲಿಲ್ಲ, ಅತ್ತೆ ನಿಲ್ಲಿಸಲಿಲ್ಲ ಎಂದು ಇಷ್ಟು ತಿಂಗಳು ಹೇಳಿಕೊಂಡೆ. ಆದರೆ ಬಾಯಿ ನನಗೂ ಇತ್ತಲ್ಲ? "ಅಪ್ಪಾ" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು.

ಫೋನ್ ಎತ್ತದೆ ಇದ್ದದ್ದಕ್ಕೆ ಕ್ಷಮಿಸಿ. ನಿಮ್ಮ ದನಿ ಕೇಳಿದರೆ ಇದನ್ನು ಹೇಳಿಬಿಡುತ್ತೇನೆ ಎಂಬ ಭಯವಿತ್ತು.

ಇರುವೆ


ಜೂನ್ 12

ಗಿಡ್ಡಿ,

ನಾಲ್ಕು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಸುಳ್ಳಿಗಲ್ಲ, ಪುಟ ಹರಿದದ್ದಕ್ಕೂ ಅಲ್ಲ. ತೋಳಿನ ಬಟ್ಟೆಗೆ. ಹಿಡಿದವನು ನಾನು, ನನಗೆ ನೆನಪೇ ಇಲ್ಲ. ಆದರೂ ಆ ಬಟ್ಟೆ ಬೆರಳಿನಿಂದ ಜಾರುವುದು ಈಗ ನನಗೆ ಗೊತ್ತಾಗುತ್ತದೆ.

ನನ್ನ ಡಾಕ್ಟರನ್ನು ಕೇಳಿದೆ, ಆ ಹನ್ನೊಂದು ನಿಮಿಷ ಮೊದಲೇ ನೋಡಿದ್ದರೆ ಈ ಕೈ ಉಳಿಯುತ್ತಿತ್ತೇ? "ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು" ಎಂದರು. ಇಷ್ಟು ಓದಿದವರು ಇಷ್ಟೇ ಹೇಳುವುದಾದರೆ ಇನ್ನು ಯಾರನ್ನು ಕೇಳಲಿ? ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ.

ಐದನೇ ದಿನ ಬೇರೊಂದು ಪ್ರಶ್ನೆ ಬಂತು. ಬಿದ್ದವಳು ನೀನಾಗಿದ್ದರೆ ನಾನು ಏನು ಮಾಡುತ್ತಿದ್ದೆ? "ನಿಲ್ಲಿಸುತ್ತಿದ್ದೆ" ಎಂದು ಒಂದು ಹಾಳೆಯಲ್ಲಿ ಬರೆದೆ. ಸಕ್ಕರೆ ಡಬ್ಬ ತೆಗೆದು ನೋಡಿದೆ. ನನಗೇ ನಂಬಿಕೆ ಬರಲಿಲ್ಲ, ಹರಿದು ಹಾಕಿದೆ. ನಿನ್ನಷ್ಟು ನೇರವಾಗಿ ಹರಿಯಲು ಒಂದೇ ಕೈಯಲ್ಲಿ ಆಗುವುದಿಲ್ಲ.

ನಾನೂ ಆಡುತ್ತಿದ್ದೆ ಗಿಡ್ಡಿ. ನಿನ್ನ ಬೆರಳನ್ನೂ ಬಿಡಿಸುತ್ತಿದ್ದೆ. ಯಾಕೆಂದರೆ ಮೂವತ್ತೊಂದು ವರ್ಷ ನಾವು ಮುಂದುವರಿಸುವುದನ್ನೇ ಅಭ್ಯಾಸ ಮಾಡಿದ್ದೇವೆ. ಸೀನು ಬಂದರೆ ಹೇಗೆ, ದೀಪ ಹೋದರೆ ಹೇಗೆ, ಅಜ್ಜಿಯ ತೋಳು ಕಳಚಿಕೊಂಡರೆ ಹೇಗೆ, ಎಲ್ಲಕ್ಕೂ ಅಭ್ಯಾಸ ಉಂಟು. ನಿಲ್ಲಿಸುವುದನ್ನು ಒಂದು ದಿನವೂ ಅಭ್ಯಾಸ ಮಾಡಲಿಲ್ಲ. ಅಭ್ಯಾಸ ಇಲ್ಲದ ಕೆಲಸವನ್ನು ಕೈ ಆ ಕ್ಷಣದಲ್ಲಿ ಹೊಸದಾಗಿ ಕಲಿಯುವುದೆಂತು? ಹೂಜಿ ಕೊಟ್ಟವನು ನಾನು. ಒಂದು ಸಲವಾದರೂ "ಈಗ ಕೆಳಗಿಡು" ಎಂದು ಹೇಳಿಕೊಟ್ಟೆನೇ?

ಮ್ಯಾನೇಜರಿಗೆ ನಾನು ಕಳಿಸಿರುವ ಅಭಿಪ್ರಾಯ ಇದು. ಆಟ ನಿಲ್ಲಬೇಕು. ಆದರೆ ನಿಲ್ಲಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದರೆ ನಿಲ್ಲುವುದಿಲ್ಲ. ಪ್ರತಿ ಸೋಮವಾರದ ತಾಲೀಮಿಗೆ ಮುಂಚೆ ಚೀಟಿ ಎತ್ತಬೇಕು. ಗುರುತು ಹಾಕಿದ ಚೀಟಿ ಬಂದವರು ಯಾರಿಗೂ ಹೇಳದೆ, ತಮಗೆ ತೋಚಿದ ಕಡೆ ಬೀಳಬೇಕು. ಉಳಿದವರು ಮೊದಲು ಬಾಯಿ ಬಿಟ್ಟು ಅವರನ್ನು ಕೂಗಬೇಕು. ಆಮೇಲೆ ಅಜ್ಜಿಯನ್ನು ನೆಲಕ್ಕೆ ಬಿಡಬೇಕು. ಹೌದು, ನೆಲಕ್ಕೆ. ಆಮೇಲೆ ಮುಸುಕು ತೆಗೆಯಬೇಕು, ತಮ್ಮದೂ, ಬಿದ್ದವರದೂ. ದೀಪದವನು ಸಂಗೀತ ನಿಲ್ಲಿಸಿ ಸಭಾಂಗಣದ ದೀಪ ಹಾಕಿ, ಡಾಕ್ಟರ್ ಇದ್ದಾರಾ ಎಂದು ಕೇಳಬೇಕು. ಯಾರೂ ಇಲ್ಲದಿದ್ದರೂ ತಾಲೀಮಿನಲ್ಲಿ ಕೇಳಬೇಕು, ಖಾಲಿ ಕುರ್ಚಿಗಳನ್ನೇ ಕೇಳಬೇಕು.

ತಲೆ ಇನ್ನು ಮೇಲೆ ನೀನು. ನನ್ನ ಕೈ ಬರುವುದಿಲ್ಲ, ಅದು ನನಗೂ ಡಾಕ್ಟರಿಗೂ ಗೊತ್ತು, ವ್ಯಾಯಾಮದ ಹೆಂಗಸಿಗೆ ಮಾತ್ರ ಇನ್ನೂ ಹೇಳಿಲ್ಲ. ಇದನ್ನು ಬರೆಯುವಾಗ ನನಗೆ ಅಳು ಬಂತು, ಹಾಗಂತ ಮರುಕ ಪಡಬೇಡ. ಕಾಲಿಗೆ ಇರುವೆ ಬರುತ್ತಾಳೆ. ಅಂಗಡಿಗೆ ರಾಜೀನಾಮೆ ಕೊಟ್ಟು ಬಂದವಳು ನನಗೆ ಅರ್ಧ ದರದ ಚಪ್ಪಲಿ ತಂದಿದ್ದಾಳೆ.

ಸಿಟ್ಟು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಬಟ್ಟೆಯಷ್ಟು ಉಳಿದಿದೆ. ನಾನು ಬರುವುದು ಯಾವಾಗ ಎಂದು ಸದ್ಯ ಕೇಳಬೇಡ.

ಅಣ್ಣ


ಜುಲೈ 14

ಅಣ್ಣ,

ಸಭೆಯಲ್ಲಿ ನಿನ್ನ ಕಾಗದವನ್ನು ಮ್ಯಾನೇಜರ್ ಓದಿದರು. ಎಲ್ಲರೂ ಒಪ್ಪಿದರು, ಕೈ ಎತ್ತಿಸಿ ಎಣಿಸಬೇಕಾಗಲಿಲ್ಲ. ಆಮೇಲೆ ನಾನು ಎದ್ದು ನಿಂತು, ನೀನು ತಟ್ಟಲಿಲ್ಲ ಎಂದು ಎಲ್ಲರೆದುರು ಹೇಳಿದೆ. ಹರಿದ ಪುಟವನ್ನು ಮತ್ತೆ ಪುಸ್ತಕಕ್ಕೆ ಅಂಟಿಸಿದ್ದೇನೆ.

ಮೂರು ಸೋಮವಾರ ಆಯಿತು. ಎಡಗೈಗೆ ಬೇರೆ ಯಾರೂ ಸಿಗದೆ ಮ್ಯಾನೇಜರೇ ನಿಂತಿದ್ದಾರೆ, ಅಜ್ಜಿ ಪ್ರತಿ ದೃಶ್ಯದಲ್ಲೂ ಫೈಲಿಗೆ ಸಹಿ ಹಾಕುವ ಹಾಗೆ ಕೈ ಆಡಿಸುತ್ತಾಳೆ. ಮೊದಲ ಸೋಮವಾರ ಚೀಟಿ ಅವರಿಗೇ ಬಂತು. ಬಟ್ಟೆ ಕೊಳೆಯಾಗಬಾರದೆಂದು ಕರವಸ್ತ್ರ ಹಾಸಿಕೊಂಡು ಬಿದ್ದರು. ನಾನು ಕೂಗಿದೆ, ಆದರೆ ಅಜ್ಜಿಯನ್ನು ಬಿಡಲಾಗಲಿಲ್ಲ. ಎದೆಗವಚಿಕೊಂಡು ನಿಂತೆ. ಎರಡನೇ ಸೋಮವಾರವೂ ಅಷ್ಟೆ. ಕೈಗೆ ಬಿಡು ಎಂದು ಹೇಳುತ್ತೇನೆ, ಕೈ ಕೇಳುವುದಿಲ್ಲ. "ನಾಟಕ ಅಂತ ಗೊತ್ತಲ್ಲ, ಅದಕ್ಕೆ" ಎಂದು ಇರುವೆ ಸಮಾಧಾನ ಮಾಡಿದಳು. "ಅಂದೂ ಗೊತ್ತಿತ್ತಲ್ಲ ಇರುವೆ, ನಾಟಕ ಅಲ್ಲ ಅಂತ" ಎಂದೆ.

ನಿನ್ನೆ ಮೂರನೆಯದು. ಸಭಾಂಗಣದಲ್ಲಿ ಒಬ್ಬರೇ ಒಬ್ಬರು ಪ್ರೇಕ್ಷಕರು ಇದ್ದರು. ಆ ಡಾಕ್ಟರಮ್ಮನಿಗೆ ನೀನೇ ಕಾಗದ ಬರೆದಿದ್ದೀಯಂತೆ, ನನಗೆ ಹೇಳಲೇ ಇಲ್ಲ. ಬಂದು ಮೂರನೇ ಸಾಲಿನ ತಮ್ಮ ಜಾಗದಲ್ಲೇ ಕೂತರು, ಚೀಲ ಮಡಿಲಲ್ಲಿಟ್ಟುಕೊಂಡು. ಅವರು ಇದ್ದಾರೆ ಎಂದೇ ನನಗೆ ನಡುಕ. ಅದನ್ನು ಅಜ್ಜಿಯ ಕತ್ತಿಗೆ ಕೊಟ್ಟುಬಿಟ್ಟೆ, ವಯಸ್ಸಾದವಳು, ನಡುಗಬಹುದು.

ದೀಪ ಹಿಡಿದು ನಡುಮನೆಗೆ ಬಂದೆವು. ಅಲ್ಲೇ, ಪೆಟ್ಟಿಗೆಗೆ ಇನ್ನೂ ಆರು ಹೆಜ್ಜೆ ಇರುವಾಗ, ಇರುವೆಯ ಭುಜ ನನ್ನ ಸೊಂಟದಿಂದ ಸರಿಯಿತು. ಚೀಟಿ ಅವಳಿಗೆ ಬಂದಿದೆ ಎಂದು ಯೋಚಿಸುವಷ್ಟು ಹೊತ್ತು ಇರಲಿಲ್ಲ. "ಇರುವೆ!" ಎಂದು ಕೂಗಿದೆ. ಅಂಥ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ, ಕೆಳಗಿನ ಟೈಲರ್‌ಗೂ ಕೇಳಿಸಿರಬೇಕು. ಮುಸುಕು ತೆಗೆದಾಗ ಅವಳ ಕೂದಲು ಬೆವರಿಗೆ ಹಣೆಗಂಟಿತ್ತು. ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ದೀಪದವನು ಖಾಲಿ ಕುರ್ಚಿಗಳಿಗೆ, "ಡಾಕ್ಟರ್ ಇದ್ದಾರಾ?" ಎಂದ. "ಇದ್ದೀನಿ" ಎಂದು ಡಾಕ್ಟರಮ್ಮ ಎದ್ದು ಬಂದರು. ಹತ್ತು ಹೆಜ್ಜೆ ಅಂತ ಬರೆದಿದ್ದರಲ್ಲ, ಒಂಬತ್ತೇ ಆಯಿತು, ಅವರೇ ಎಣಿಸಿದರಂತೆ.

ಇರುವೆ ಒಂದು ಕಣ್ಣು ತೆರೆದು, "ಅತ್ತೆ, ಉಸಿರು ಕಟ್ತಿದೆ, ಸ್ವಲ್ಪ ಸಡಿಲ ಬಿಡಿ" ಎಂದಳು. ನಾನು ಅತ್ತುಬಿಟ್ಟೆ, ಅವಳೂ ಅತ್ತಳು, ಮ್ಯಾನೇಜರ್ ಕರವಸ್ತ್ರ ಹುಡುಕಿದರು. ಆಮೇಲೆ ಎಲ್ಲರೂ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಚಹಾ ಕುಡಿದೆವು. ಡಾಕ್ಟರಮ್ಮ ನಿನ್ನ ಕೈ ಬಗ್ಗೆ ಕೇಳಿದರು. ದೀಪದವನು ಏನೋ ತಮಾಷೆ ಹೇಳಿದ. ಲೋಟಗಳನ್ನು ತೊಳೆದಿಡಲು ಎದ್ದಾಗಲೇ ನೋಡಿದ್ದು, ಅಜ್ಜಿ ಇನ್ನೂ ಹಲಗೆಯ ಹಿಂದೆ ನೆಲದ ಮೇಲೆ ಮಕಾಡೆ ಬಿದ್ದಿದ್ದಳು. ಅಷ್ಟು ಹೊತ್ತೂ ಯಾರಿಗೂ ಅವಳ ನೆನಪಾಗಿರಲಿಲ್ಲ.

ಮೂಗಿನ ತುದಿ ಎದ್ದು ಹೋಗಿದೆ ಅಣ್ಣ. ಚೂರನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ. ಅಂಟಿಸಲು ಯಾರನ್ನೂ ಬಿಟ್ಟಿಲ್ಲ.

ಬಂದು ಬೈ.

ಗಿಡ್ಡಿ